ಚಿಕ್ಕಪ್ಪನ ಪೈಗೆ ಕಟ್ಟಿದ ಬೆಲೆ

"ಇನ್ನೊಂದು ಚೂರು ತಿನ್ನಿ ಸಾರ್. ಎಷ್ಟು ಕೆಟ್ಟದಾಗಿದೆ ಅಂತ ಆಗ ಗೊತ್ತಾಗುತ್ತೆ."

ಡೆರಿಕ್ ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿದ ಹಂದಿಮಾಂಸದ ಪೈಯನ್ನು ತೆರಿಗೆ ಇಲಾಖೆಯ ಥ್ವೈಟ್ ಸಾಹೇಬರ ಮುಂದೆ ತಳ್ಳಿದ. ಯಾರ್ಕ್‌ಶೈರಿನಲ್ಲಿ ಹೆತ್ತಮ್ಮನನ್ನು ಬೈದವನನ್ನು ಕ್ಷಮಿಸಿಯಾರು, ಮನೆಯ ಪೈಯನ್ನು ಬೈದವನನ್ನಲ್ಲ. ಆದರೆ ಡೆರಿಕ್‌ಗೆ ಬೇರೆ ದಾರಿ ಇರಲಿಲ್ಲ.

ಸತ್ತ ಚಿಕ್ಕಪ್ಪ ಪೈ ಅಂಗಡಿಯನ್ನು ಮೊದಲೇ ಮಾರಿದ್ದ. ಕೈಗೆ ಬಂದ ಅರ್ಧ ದುಡ್ಡು ಕುದುರೆಗಳ ಬಾಲ ಹಿಡಿದು ಹೋಗಿತ್ತು. ಉಳಿದ ಎರಡು ಲಕ್ಷ ಪೌಂಡಿಗೆ ಷರತ್ತಿತ್ತು: ಈ ಶನಿವಾರದ ಊರ ಸ್ಪರ್ಧೆಯಲ್ಲಿ ಅಂಗಡಿಯ ಪೈ ಮೊದಲ ಬಹುಮಾನ ಗೆದ್ದರೆ ಕೊಂಡವನು ಕೊಡಬೇಕು, ಇಲ್ಲದಿದ್ದರೆ ಬಿಡಿಗಾಸೂ ಇಲ್ಲ. ಆ ಹಕ್ಕೀಗ ಡೆರಿಕ್‌ನದು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಈ ದುಡ್ಡಿಗೂ ಸರ್ಕಾರ ಇವತ್ತೇ ಬೆಲೆ ಕಟ್ಟಿ, ಸತ್ತವರ ಆಸ್ತಿಯ ಮೇಲಿನ ತೆರಿಗೆಯೆಂದು ನೂರಕ್ಕೆ ನಲವತ್ತು ಕೇಳುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಅಂದರೆ ಇದೇ. ಪೈ ಗೆಲ್ಲುವುದೇ ಇಲ್ಲ ಎಂದು ನಂಬಿಸಿಬಿಟ್ಟರೆ ಬೆಲೆಯೂ ಸೊನ್ನೆ, ತೆರಿಗೆಯೂ ಸೊನ್ನೆ.

ಅದಕ್ಕೇ ಬೆಳಿಗ್ಗೆ, ಮಾರಿದ ಮೇಲೂ ಅಂಗಡಿಯ ಪೈ ಮಾಡುತ್ತಿದ್ದ ವಿನ್ನಿ ಅತ್ತೆ ಆಚೆ ಹೋದಾಗ, ಅವಳು ಕಲಸಿಟ್ಟ ಮಾಂಸಕ್ಕೆ ಎರಡು ಹಿಡಿ ಉಪ್ಪು ಸುರಿದಿದ್ದ.

ಥ್ವೈಟ್ ಪೈಯನ್ನು ತಲೆಕೆಳಗು ಮಾಡಿ ತಳ ನೋಡಿದರು. ಬೆರಳಲ್ಲಿ ತಟ್ಟಿದರು. ಮೂಸಿದರು. ಕಚ್ಚಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮತ್ತೆ ಕಚ್ಚಿದರು. ಸರ್ಕಾರಿ ನೌಕರನಲ್ಲಿ ಇಷ್ಟು ಶ್ರದ್ಧೆಯೇ ಎಂದು ಡೆರಿಕ್ ಬೆರಗಾದ.

"ಡೆರಿಕ್, ಇವರು ಯಾರು ಅಂದ್ರೆ..." ಅತ್ತೆ ಬಾಯಿ ತೆರೆದಳು.

"ನೀನು ಸುಮ್ನಿರು ಅತ್ತೆ. ಇದು ವ್ಯವಹಾರದ ಮಾತು."

"ಯಾವಾಗ್ಲೂ ಹೀಗೇನಾ?" ಥ್ವೈಟ್ ಕಣ್ಣೊರೆಸಿಕೊಂಡು ಕೇಳಿದರು.

"ಇವತ್ತು ಚೆನ್ನಾಗಿ ಬಂದಿದೆ ಸಾರ್. ಬೇರೆ ದಿನ ನಾಯಿನೂ ಮೂಸಲ್ಲ."

ಅತ್ತೆಯ ಮುಖ ಬೀಟ್‌ರೂಟಿನಂತಾಯಿತು. "ಡೆರಿಕ್, ಒಂದ್ನಿಮಿಷ ಒಳಗೆ ಬಾ."

"ಆಮೇಲೆ ಅತ್ತೆ!"

"ಶನಿವಾರದ ಪೈನೂ ಹೀಗೇ ಇರುತ್ತಾ?" ಥ್ವೈಟ್ ಕೇಳಿದರು.

"ಅದೇ ಕೈ, ಅದೇ ಒಲೆ ಸಾರ್."

"ಹಾಗಾದ್ರೆ ಅವತ್ತು ಯಾರೂ ಇದರ ರುಚಿ ನೋಡೋ ಅಗತ್ಯ ಇಲ್ಲ ಅನ್ನಿ."

"ನೋಡಿದವರಿಗೆ ದೇವರೇ ಗತಿ!"

ಥ್ವೈಟ್ 'ಸೊನ್ನೆ' ಎಂದು ಬರೆದು, ರುಜು ಹಾಕಿ, ಕೈ ಕುಲುಕಿ ಹೊರಟರು. ಬಾಗಿಲು ಮುಚ್ಚಿದ್ದೇ ತಡ, ಡೆರಿಕ್ ಅಡುಗೆಮನೆಯಲ್ಲೇ ಕುಣಿದ. ಲೀಡ್ಸ್ ಪೇಟೆಯಲ್ಲಿ ಬೆಳೆದವನು, ಈ ಊರ ಸ್ಪರ್ಧೆಯ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಆದರೂ ಬಹುಮಾನದ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಅತ್ತೆಯ ಪೈ ಅಂಥದ್ದು.

"ಎರಡು ಲಕ್ಷ ಅತ್ತೆ! ಒಂದು ಪೆನ್ನಿ ತೆರಿಗೆ ಇಲ್ಲ! ಅದೇನೋ ಹೇಳ್ತಿದ್ದೆಯಲ್ಲ?"

"ಹೇಳೋಕೆ ನೀನೆಲ್ಲಿ ಬಿಟ್ಟೆ?" ಅತ್ತೆ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. "ಕಚೇರಿಗೆ ರಜಾ ಅಲ್ವಾ ಶನಿವಾರ, ನಮ್ಮೂರ ಪೈ ಸ್ಪರ್ಧೆಗೆ ಪ್ರತಿ ವರ್ಷ ತೀರ್ಪು ಕೊಡೋದು ಇದೇ ಥ್ವೈಟ್."