ಆಡಬಾರದ ಮಾತುಗಳು

ಸೂಪರ್‌ವೈಸರ್‌ನ ಬೈಗುಳ ಕೇಳಿ ಕೇಳಿ ಸಾಕಾಗಿ, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಚಿಕ್ಕತಾಯಮ್ಮ ಮೂರನೇ ಸಲ ಆಫೀಸಿನ ಮೆಟ್ಟಿಲು ಹತ್ತಿದಳು.

"ಏನೇನಂತ ಬೈತಾನೆ, ಹೇಳಮ್ಮ. ಬರ್ಕೋಬೇಕು," ಎಂದರು ಎಚ್.ಆರ್. ಮೇಡಂ.

"ಅದ್ನೆಲ್ಲ ನನ್ ಬಾಯಲ್ಲಿ ಹೆಂಗೆ ಹೇಳ್ಲಿ ಮೇಡಂ?"

"ಹೇಳ್ದೇ ಇದ್ರೆ ನಾನು ನಿಲ್ಸೋದು ಹೇಗೆ?"

ಅವಳು ತಲೆ ತಗ್ಗಿಸಿ ಒಂದೊಂದಾಗಿ ಹೇಳಿದಳು. ನಾಲ್ಕನೆಯದು ಅವಳ ಜಾತಿಯ ಹೆಸರು. ಅದನ್ನು ಮಾತ್ರ ಅವಳು ಪಿಸುಗುಟ್ಟಿದಳು. ಮೇಡಂ ಎರಡೆರಡು ಸಲ ಹೇಳಿಸಿ ಬರೆದುಕೊಂಡರು.

ಮರುದಿನ ಹೊಲಿಗೆ ಲೈನಿನ ಎದುರಿಗೇ, ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಅಂಟಿಸಿದರು: 'ಇನ್ನು ಮುಂದೆ ಇಲ್ಲಿ ಯಾರೂ ಆಡಬಾರದ ಮಾತುಗಳು'. ಅವಳು ಹೇಳಿದ ಕ್ರಮದಲ್ಲೇ ಒಂದರಿಂದ ಹನ್ನೊಂದರವರೆಗೆ ನಂಬರು ಹಾಕಿ ಅಚ್ಚುಕಟ್ಟಾಗಿ ಟೈಪು ಮಾಡಿದ್ದರು. ಸೂಪರ್‌ವೈಸರ್ ಅದರ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೂ ಓದಿದ. ಆಮೇಲೆ ಎರಡು ದಿನ ಅವನ ಬಾಯಿಂದ ಒಂದು ಕೆಟ್ಟ ಮಾತಿಲ್ಲ. ಆ ಎರಡು ದಿನವೂ ಚಿಕ್ಕತಾಯಮ್ಮ ತಂದ ಊಟವನ್ನು ಪೂರ್ತಿ ಉಂಡಳು.

ಮೂರನೆಯ ದಿನ ಅವಳ ಮಿಷನ್ನಿನ ದಾರ ಪದೇ ಪದೇ ತುಂಡಾಗಿ, ಕಾಲರುಗಳು ರಾಶಿ ಬಿದ್ದವು. ಸೂಪರ್‌ವೈಸರ್ ಒಮ್ಮೆ ಬೋರ್ಡಿನ ಕಡೆ ನೋಡಿದ.

"ಏಯ್ ನಾಲ್ಕನೇ ನಂಬರು, ಬೇಗ ಕೈ ಆಡ್ಸೇ!"