ಬಫರ್‌ನಲ್ಲೇ ಉಳಿದ ಮಾತು

ಗದಗಿನ ಒಂದು ಪಾಲಿಟೆಕ್ನಿಕ್‌ನಲ್ಲಿ ರುದ್ರೇಶ ಅಂತ ಒಬ್ಬ ಲೆಕ್ಚರರ್. ಹುಡುಗರಿಗೆ ಪ್ರೋಗ್ರಾಮಿಂಗ್ ಕಲಿಸುವುದು ಅವನ ಕೆಲಸ.

ಬಫರ್ ಅಂದರೇನು ಅಂತ ಹೇಳಿಕೊಡುವಾಗ ಪ್ರತಿ ವರ್ಷ ಅವನ ಬಾಯಲ್ಲಿ ಒಂದೇ ಉದಾಹರಣೆ... ಅಣ್ಣ ಓಡಿಸುತ್ತಿದ್ದ ಟಂಟಂ, ಸೀಟಿಗಿಷ್ಟು ಅಂತ ಜನರನ್ನು ಹತ್ತಿಸಿಕೊಳ್ಳುವ ಮೂರು ಗಾಲಿಯ ಗಾಡಿ.

ಪ್ರೋಗ್ರಾಮ್ ಹೇಳಿದ್ದನ್ನೆಲ್ಲ ಕಂಪ್ಯೂಟರ್ ಆಗಿಂದಾಗಲೇ ಪರದೆಗೆ ಕಳಿಸುವುದಿಲ್ಲ. ಸೀಟು ತುಂಬಲಿ ಅಂತ ಟಂಟಂ ಸ್ಟ್ಯಾಂಡಿನಲ್ಲಿ ಕಾಯುವ ಹಾಗೆ, ಅಕ್ಷರಗಳನ್ನು ಕೂರಿಸಿಕೊಂಡು, ಸಾಲು ಮುಗಿದ ಮೇಲೆ ಒಟ್ಟಿಗೆ ಹೊರಡಿಸುತ್ತದೆ. ಆ ಕಾಯುವ ಜಾಗವೇ ಬಫರ್.

ಆದರೆ ಅಣ್ಣ ಗುರುಪಾದಪ್ಪ ಕಾಯುವ ಜಾತಿಯೇ ಅಲ್ಲ! ಆಸ್ಪತ್ರೆಗೆ ಹೊರಟ ಒಬ್ಬಳೇ ಮುದುಕಿ ಹತ್ತಿದರೂ ಸಾಕು, ಉಳಿದ ಸೀಟು ಖಾಲಿ ಇದ್ದರೂ ಗಾಡಿ ಹೊರಡಿಸಿಯೇ ಬಿಡುತ್ತಿದ್ದ.

ಅಪ್ಪ ಇಲ್ಲದ ತಮ್ಮನನ್ನು ಓದಿಸಿದ್ದೂ ಅದೇ ಗಾಡಿ. ಎಲ್ಲೇ ಸಿಗಲಿ, ತಮ್ಮನನ್ನು ಅವನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು... "ಉಂಡಿಯೇನೋ?"

ಅಂಥ ಅಣ್ಣನಿಗೆ ರುದ್ರೇಶ ಒಂದು ದಿನ ಅಂದುಬಿಟ್ಟ... "ಕಾಲೇಜ್ ಮುಂದ ಟಂಟಂ ತರಬ್ಯಾಡಣ್ಣಾ. ನನ್ನ ಮಾನ ಹೋಗತೈತಿ."

ಅಣ್ಣ ಮರುದಿನದಿಂದ ಕಾಲೇಜಿನ ಕಡೆ ಬರಲಿಲ್ಲ. ಗಾಡಿ ಮಾರಿದ. ತಮ್ಮನ ಮನೆಯ ಕಡೆ ಸುಳಿಯುವುದನ್ನೂ ಬಿಟ್ಟ.

ಕೆಲವೇ ತಿಂಗಳಲ್ಲಿ ಅಣ್ಣನಿಗೆ ಲಕ್ವಾ ಹೊಡೆಯಿತು. ಮಾತು ನಿಂತೇಹೋಯಿತು... ಬಲಗೈಯ ಒಂದು ಬೆರಳು ಮಾತ್ರ ಆಡುತ್ತಿತ್ತು.

ತಾನು ಅಂದ ಮಾತೇ ರುದ್ರೇಶನನ್ನು ಸುಡುತ್ತಿತ್ತು. ಅಣ್ಣ ಬೈದರೂ ಸರಿ, ಒಂದು ಮಾತಾಡಿದರೆ ಸಾಕಿತ್ತು.

ರಜೆ ಹಾಕಿ ಕೂತು ಒಂದು ಪೆಟ್ಟಿಗೆ ಮಾಡಿದ. ಬೋರ್ಡಿನ ಮೇಲೆ ಒಂದೊಂದೇ ಅಕ್ಷರ ಬೆಳಗುತ್ತದೆ, ಬೇಕಾದ ಅಕ್ಷರ ಬಂದಾಗ ಗುಂಡಿ ಒತ್ತಿದರಾಯಿತು... ಪೆಟ್ಟಿಗೆ ಮಾತಾಡುತ್ತದೆ.

ಅಕ್ಷರ ಅಕ್ಷರವಾಗಿ ಅಲ್ಲ. ಅಣ್ಣ ತೊದಲಬಾರದು ಅಂತ ರುದ್ರೇಶನ ಹಟ! ಎಲ್ಲವನ್ನೂ ಬಫರ್‌ನಲ್ಲಿ ಕೂಡಿಟ್ಟು, ಕೊನೆಗೆ "ಮುಗಿಯಿತು" ಅನ್ನುವ ದೀಪ ಬೆಳಗಿದಾಗ ಗುಂಡಿ ಒತ್ತಿದರೆ ಇಡೀ ವಾಕ್ಯ ಚೆಂದವಾಗಿ ಹೊರಬರಬೇಕು.

ತಾನೇ ಹತ್ತಾರು ಸಲ ಒತ್ತಿ ನೋಡಿದ. ಕೊನೆಗೊಮ್ಮೆ "ಮುಗಿಯಿತು" ಒತ್ತುವುದು ಅವನ ಬೆರಳಿಗೆ ಎಷ್ಟು ರೂಢಿಯಾಗಿತ್ತೆಂದರೆ... ಅದನ್ನು ಅಣ್ಣನಿಗೆ ಹೇಳಿಕೊಡಬೇಕು ಅಂತ ಹೊಳೆಯಲೇ ಇಲ್ಲ.

ಪೆಟ್ಟಿಗೆಯನ್ನು ಬೆಟಗೇರಿಯ ಅಣ್ಣನ ಮನೆಗೆ ಒಯ್ದು, ಅಕ್ಷರ ಆರಿಸುವುದನ್ನಷ್ಟೇ ತೋರಿಸಿ ಬಂದ. ನಾಲ್ಕು ದಿನಕ್ಕೆ ಅಣ್ಣನ ಹೆಂಡತಿ, ವೈನಿಯ ಫೋನು. "ದಿನಾ ಗುಂಡಿ ಒತ್ತತಾರ ತಮ್ಮಾ... ಒತ್ತಿ ನನ್ನ ಮಾರಿ ನೋಡತಾರ. ಪೆಟಗಿ ಏನೂ ಅನ್ನವಲ್ದು."

ಕಂಪ್ಯೂಟರ್ ಮಂದಿಯ ಬಾಯಲ್ಲಿ ಇದಕ್ಕೆ ಸಿದ್ಧ ಉತ್ತರ ಇದ್ದೇ ಇದೆಯಲ್ಲ... "ಆಫ್ ಮಾಡಿ ಆನ್ ಮಾಡ್ರಿ ವೈನಿ."

ಪಾಪ, ಆಕೆ ದಿನವೂ ತಪ್ಪದೆ ಆಫ್ ಮಾಡಿ ಆನ್ ಮಾಡಿದಳು. ಪೆಟ್ಟಿಗೆ ಬಾಯಿ ಬಿಡಲಿಲ್ಲ.

ಪೆಟ್ಟಿಗೆ ಸರಿಯಾಗೇ ಇದೆ, ಅಣ್ಣನಿಗೇ ಮಾತಾಡುವ ಮನಸ್ಸಿಲ್ಲ, ಸುಮ್ಮನೆ ಏನೋ ಒತ್ತುತ್ತಾನೆ ಅಂದುಕೊಂಡ ರುದ್ರೇಶ. ಟಂಟಂ ತರಬೇಡ ಅಂದದ್ದರ ಸಿಟ್ಟು ಅಣ್ಣನಿಗೆ ಇನ್ನೂ ಇಳಿದಿಲ್ಲ... ಯಾವ ಮುಖ ಹೊತ್ತು ಹೋಗಲಿ ಅಂತ ಆ ಕಡೆ ಹೋಗುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬ ಹುಡುಗಿಯ ಪ್ರೋಗ್ರಾಮ್ ಅರ್ಧಕ್ಕೇ ನಿಂತಿತು. ಪರದೆ ಖಾಲಿ. ಪರದೆಗೆ ಕಳಿಸು ಅಂತ ನಾನು ಬರೆದ ಪ್ರಿಂಟ್ ಸಾಲು ಓಡೇ ಇಲ್ಲ ಸರ್, ಅಂದಳು ಆಕೆ.

"ಓಡೈತವ್ವಾ," ಅಂದ ರುದ್ರೇಶ. "ಮಾತು ಬಫರ್‌ನಾಗ ಕುಂತಿತ್ತು. ಹೊರಗ ಬರೋದ್ರಾಗ ಪ್ರೋಗ್ರಾಮ್ ಸತ್ತು ಹೋತು. ಪರದೆ ಖಾಲಿ ಐತಿ ಅಂದ್ರ ಅದು ಮಾತಾಡಿಲ್ಲ ಅಂತ ಅಲ್ಲ..."

ಅಷ್ಟೇ. ಆಗ ಹೊಳೆಯಿತು ಅವನಿಗೆ... "ಮುಗಿಯಿತು" ಒತ್ತಬೇಕು ಅಂತ ಅಣ್ಣನಿಗೆ ತಾನು ಹೇಳಿಯೇ ಇರಲಿಲ್ಲ.

ಅಣ್ಣ ದಿನವೂ ಮಾತಾಡಿದ್ದ! ಪೆಟ್ಟಿಗೆ ಆಫ್ ಮಾಡಿಸಿ, ಬಫರ್‌ನಲ್ಲಿದ್ದ ಆ ಮಾತನ್ನೆಲ್ಲ ದಿನವೂ ಒರೆಸಿ ಹಾಕಿಸಿದವನು ತಾನೇ...

ಲ್ಯಾಪ್‌ಟಾಪ್ ಎದೆಗವಚಿಕೊಂಡು ಬೆಟಗೇರಿಗೆ ಓಡಿದ. ಅಣ್ಣ ತೀರ ಸೋತಿದ್ದ, ಕಣ್ಣಷ್ಟೇ ತಮ್ಮನ ಮೇಲಿತ್ತು. ಪೆಟ್ಟಿಗೆಯ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ ರುದ್ರೇಶ... ಯಾವುದಕ್ಕೂ ಕಾಯಬೇಡ, ಒಂದು ಅಕ್ಷರ ಬಂದರೂ ಆಗಲೇ ಹೇಳಿಬಿಡು.

ಬೋರ್ಡು ಬೆಳಗಿತು. ಬೆರಳು ಬಹಳ ಹೊತ್ತಿಗೆ ಒಂದು ಸಲ ಅಲುಗಿತು.

"ಉ..." ಅಂದಿತು ಪೆಟ್ಟಿಗೆ.

ತಮ್ಮ, ವೈನಿ ಇಬ್ಬರೂ ಕಾದರು. ಬೆರಳು ಮತ್ತೆ ಏಳಲಿಲ್ಲ.

ವೈನಿ ಸೆರಗು ಬಾಯಿಗೆ ಒತ್ತಿಕೊಂಡಳು. "ನನಗ ಓದಾಕ ಬರಂಗಿಲ್ಲ ತಮ್ಮಾ, ಆದ್ರ ದಿನಾ ಆ ದೀಪದಿಂದನ ಸುರು ಮಾಡತಿದ್ರು..."

ರುದ್ರೇಶ ಆ ಸೋತ ಬೆರಳು ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ಆದರೂ ಅಂದ...

"ಉಂಡೀನಣ್ಣಾ... ಹೊಟ್ಟಿ ತುಂಬ ಉಂಡೀನಿ."

ಎರಡು ದಿನಕ್ಕೆ ಅಣ್ಣ ಹೋಗಿಬಿಟ್ಟ. ಆ "ಉ" ಆದ ಮೇಲೆ ದಿನವೂ ಅವನು ಇನ್ನೇನೇನು ಹೇಳಿದ್ದನೋ... ಅದು ಇನ್ನು ಯಾರಿಗೂ ಸಿಗುವುದಿಲ್ಲ.

ಮೌನವಾಗಿರುವವರೆಲ್ಲ ಸಿಟ್ಟಾದವರಲ್ಲ... ಅವರ ಮಾತು ಇನ್ನೂ ನಮ್ಮ ತನಕ ಬಂದಿಲ್ಲ, ಅಷ್ಟೇ.

ನಿಮ್ಮವರಲ್ಲಿ ಯಾರ ಮೌನವನ್ನು ಸಿಟ್ಟು ಅಂದುಕೊಂಡು ನೀವು ದೂರ ಕೂತಿದ್ದೀರಿ?