ಅಂಚಿನಲ್ಲಿ ನಿಂತವಳು

"ಹಳೇ ಟೇಪೇ ಹಾಕಕ್ಕ, ನನಗೆ ಅದೇ ಇಷ್ಟ," ಎಂದಳು ಪಿರೋಷ್ಕಾ, ಮೂರನೇ ಸಲ.

"ಆ ಟೇಪಲ್ಲಿ ಏನಿದೆಯೇ ಮಣ್ಣು! ಆನೆ ಯಾವುದು, ಡೇರೆ ಯಾವುದು ಅಂತಾನೇ ಗೊತ್ತಾಗಲ್ಲ," ಎನ್ನುತ್ತಾ ಎತೆಲ್ಕಾ ಹೊಸ ಡಿಸ್ಕನ್ನು ಎಡಗೈಯಲ್ಲೇ ಯಂತ್ರದೊಳಗೆ ತಳ್ಳಿದಳು. ಅವಳ ಬಲಗೈ ಭುಜಕ್ಕಿಂತ ಮೇಲೆ ಏಳದೆ ಐವತ್ತೆಂಟು ವರ್ಷವಾಗಿತ್ತು. ಅದಕ್ಕೇ ಪ್ರತಿ ಭಾನುವಾರ ಮಧ್ಯಾಹ್ನ ತಂಗಿ ಬಂದು ತಲೆ ಬಾಚಿ ಜಡೆ ಹಾಕಿ ಹೋಗುವುದು. ಇವತ್ತು ಬಾಚಣಿಗೆ ಇನ್ನೂ ಚೀಲದಲ್ಲೇ ಇತ್ತು.

ಅವರಿದ್ದ ಸರ್ಕಸ್ಸಿನಲ್ಲೇ ತೆಗೆದ ಹಳೇ ಸಿನಿಮಾ ಅದು. ಪಿರೋಷ್ಕಾ ಡಿಸ್ಕಿನ ಡಬ್ಬಿಯ ಹಿಂಬದಿಯನ್ನು ಮತ್ತೆ ಓದಿದಳು: 'ಮೂಲ ನೆಗೆಟಿವ್‌ನಿಂದ. ಪರದೆಯ ಪೂರ್ತಿ ಅಗಲ.' ಟೇಪಿಗೆ ಇಳಿಸುವಾಗ ಟೀವಿಯ ಚೌಕಕ್ಕೆ ಹೊಂದಲೆಂದು ಚಿತ್ರದ ಎರಡೂ ಅಂಚು ಕತ್ತರಿಸಿದ್ದರು. ಆ ಕತ್ತರಿಯೇ ಇಷ್ಟು ವರ್ಷ ಪಿರೋಷ್ಕಾಳನ್ನು ಕಾಪಾಡಿಕೊಂಡು ಬಂದಿತ್ತು. ಚಿತ್ರ ಬಿಡುಗಡೆಯಾದ ವರ್ಷ ಮುರಿದ ಭುಜದ ಸಿಟ್ಟಿಗೆ ಅಕ್ಕ ಥಿಯೇಟರಿನ ಕಡೆ ತಲೆಯೇ ಹಾಕಿರಲಿಲ್ಲ. ಪಿರೋಷ್ಕಾ ಮಾತ್ರ ಒಬ್ಬಳೇ ಹೋಗಿ ನೋಡಿ ಬಂದಿದ್ದಳು.

ಸರಸೋಟಾ ಊರಿನಲ್ಲಿದ್ದ ಸರ್ಕಸ್ಸಿನ ಚಳಿಗಾಲದ ಬಿಡಾರ ಪರದೆಯ ಮೇಲೆ ಬಿಚ್ಚಿಕೊಂಡಿತು. ಬಣ್ಣ ನಿನ್ನೆ ತಾನೇ ಬಳಿದಂತಿತ್ತು. ನೆಲದ ಮರದ ಹೊಟ್ಟು, ಕುದುರೆಗಳ ಬೆವರು, ಸತ್ತುಹೋದ ಎಷ್ಟೋ ಜನರ ನಗು.

"ಅಯ್ಯೋ, ನನ್ನ ಕಾಲುಚೀಲಕ್ಕೆ ಅಮ್ಮ ಹಾಕಿದ ಹೊಲಿಗೆ ನೋಡೇ! ಗುಲಾಬಿ ದಾರ ಸಿಗಲಿಲ್ಲ ಅಂತ ಕೆಂಪಲ್ಲಿ ಹೊಲಿದು, ಯಾರಿಗೆ ಕಾಣತ್ತೆ ಬಿಡು ಅಂದಿದ್ಲು." ಎತೆಲ್ಕಾ ನಕ್ಕ ರಭಸಕ್ಕೆ ಬಾಯಲ್ಲಿದ್ದ ಗಸಗಸೆ ಕೇಕಿನ ಪುಡಿ ಮಡಿಲಿಗೆ ಉದುರಿತು.

"ಕಾಫಿ ಆರಿಹೋಯ್ತಕ್ಕ. ನಿಲ್ಸು, ಬಿಸಿ ಮಾಡ್ಕೊಂಡು ಬರ್ತೀನಿ."

"ಕೂತ್ಕೊಳ್ಳೇ ಸಾಕು. ನಾನು ಬರೋ ಹೊತ್ತಿಗೇ ನಿನಗೆ ಕಾಫಿ ನೆನಪಾಗ್ಬೇಕಾ?"

ಬಂದಳು, ಇಪ್ಪತ್ತೆರಡರ ಎತೆಲ್ಕಾ. ಮೂವತ್ತಡಿ ಎತ್ತರದ ಜೋಕಾಲಿಯಲ್ಲಿ ತೂಗುತ್ತಿದ್ದಳು. ಕೈ ಜಾರಿದರೆ ತಡೆದು ಹಿಡಿಯಲೆಂದು ಸೊಂಟಕ್ಕೆ ಕಟ್ಟಿದ ಕಾವಲು ಹಗ್ಗ ಮೇಲಿನ ರಾಟೆ ಹಾಯ್ದು ಕೆಳಗಿಳಿದಿತ್ತು. ಟೇಪಿನಲ್ಲಿ ಅದು ಚೌಕದ ಅಂಚಿನಲ್ಲಿ ಮಾಯವಾಗುತ್ತಿತ್ತು. ಈಗ ಪರದೆಯ ಎಡತುದಿಯವರೆಗೂ ಬಂದು ಒಬ್ಬ ಹುಡುಗಿಯ ಕೈಯಲ್ಲಿ ಕೊನೆಗೊಂಡಿತು. ಬಿಗಿಯಾಗಿರಬೇಕಿದ್ದ ಹಗ್ಗ ಆ ಕೈಯಲ್ಲಿ ಸಡಿಲವಾಗಿತ್ತು. ಹತ್ತೊಂಬತ್ತರ ಪಿರೋಷ್ಕಾ ಮೇಲೆ ನೋಡುತ್ತಿರಲಿಲ್ಲ. ಡೇರೆಯ ಬಾಗಿಲಲ್ಲಿ ಬಿಳಿ ಕುದುರೆ ಹಿಡಿದು ನಿಂತ ಸವಾರ ತಿಬೋರ್‌ನ ಕಡೆ ತಿರುಗಿ ನಗುತ್ತಿದ್ದಳು.

ಎತೆಲ್ಕಾ ಚಿತ್ರವನ್ನು ಅಲ್ಲೇ ನಿಲ್ಲಿಸಿದಳು. ಪರದೆಯ ಮೇಲಿನ ಎತೆಲ್ಕಾಳ ಕೈ ಜೋಕಾಲಿಯಿಂದ ಜಾರುವುದಕ್ಕೆ ಇನ್ನು ಒಂದೇ ಉಸಿರು ಬಾಕಿ ಇತ್ತು. ರಾಟೆ ಸಿಕ್ಕಿಕೊಂಡು ಹಗ್ಗ ಎಳೆಯಲಾಗಲಿಲ್ಲ ಎಂದಿದ್ದಳು ಪಿರೋಷ್ಕಾ ಆವತ್ತು. ಎಲ್ಲರೂ ನಂಬಿದ್ದರು. ಮುಂದಿನ ವರ್ಷ ತಿಬೋರ್‌ನ ಜೊತೆ ಅವಳ ಮದುವೆಯಾದಾಗ, ಒಂದೇ ಕೈಯಲ್ಲಿ ಹೂವಿನ ಕಿರೀಟ ಮುಡಿಸಿದವಳು ಎತೆಲ್ಕಾ.

ಪಿರೋಷ್ಕಾ ಕಣ್ಣು ಮುಚ್ಚಿಕೊಂಡಳು.

"ನೋಡಿದ್ಯಾ? ನೀಲಿ," ಎಂದಳು ಎತೆಲ್ಕಾ.

"ಏನು?"

"ನಿನ್ನ ಗಂಡನ ಅಂಗಿ ಕಣೇ. ದರಿದ್ರ ಟೇಪಲ್ಲಿ ಬಾಗಿಲೇ ಕಾಣ್ತಿರ್ಲಿಲ್ಲ. ನಾನು ಮಾತ್ರ ನೀಲಿ ಅಂತಾನೇ ನೆನಪಿಟ್ಕೊಂಡಿದ್ದೆ."

ಪಿರೋಷ್ಕಾ ಅಕ್ಕನ ಕಡೆ ತಿರುಗಿದಳು. "ಅಕ್ಕ... ನಿನಗೆ ಗೊತ್ತಿತ್ತಾ?"

"ಮೂವತ್ತಡಿ ಮೇಲಿದ್ದೆ. ಅಲ್ಲಿಂದ ನೋಡೋರಿಗೆ ಯಾರೂ ಅಂಚು ಕತ್ತರಿಸಿರ್ಲಿಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಈ ಕಡೆ ಮುಖ ಹಾಕ್ತಿದ್ಯಾ? ನನ್ನ ಜಡೆ ಯಾರು ಹಾಕ್ತಿದ್ರು?"

ಎತೆಲ್ಕಾ ಕುರ್ಚಿಯನ್ನು ತಿರುಗಿಸಿ, ತಂಗಿಗೆ ಬೆನ್ನು ಕೊಟ್ಟು ಕೂತು, ಬಿಳಿ ಕೂದಲನ್ನು ಎಡಗೈಯಿಂದ ಹಿಂದಕ್ಕೆ ಬಿಟ್ಟಳು.

"ಬಾಚಣಿಗೆ ತೆಗಿ. ಬಿಗಿಯಾಗಿ ಹಿಡ್ಕೊಂಡು ಹಾಕು. ಈಗಂತೂ ಬಾಗಿಲಲ್ಲಿ ಯಾರೂ ಇಲ್ಲ."